ಮೂರು ಬೆಳಗು ಚಾಲೂ ಆಗದ ಟ್ರ್ಯಾಕ್ಟರ್

2008ರ ಅಕ್ಟೋಬರ್ 16, ಗುರುವಾರ, ಬೆಳಿಗ್ಗೆ 7.50. ಡ್ಯಾನ್ಯೂಬ್ ನದಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ಕಾಲ್ನಿದೋಲ್ ಪೊಲೀಸ್ ಠಾಣೆಗೆ ಅಂದಿನ ಮೊದಲ ದೂರು ಬಂತು. ದೂರುದಾರ ಕಾಮೆನ್ ಬೋಯಾಜಿಯೆವ್, ವಯಸ್ಸು ನಲವತ್ತೊಂದು, ಸುತ್ತಲಿನ ಆರು ಹಳ್ಳಿಗಳ ಹೊಲಗಳನ್ನು ಗುತ್ತಿಗೆಗೆ ಹಿಡಿದಿರುವ ಬೇಸಾಯದ ಕಂಪನಿಯೊಂದರ ಮ್ಯಾನೇಜರು. ಕೂರಿ ಅಂದರೂ ಕೂರಲಿಲ್ಲ.

“ನನ್ನ ಚೈನ್ ಟ್ರ್ಯಾಕ್ಟರು ಇವತ್ತೂ ಚಾಲೂ ಆಗ್ಲಿಲ್ಲ. ಮೂರನೇ ದಿನ. ಇದು ರಿಪೇರಿ ಅಲ್ಲ ಇನ್‌ಸ್ಪೆಕ್ಟರೇ, ಕಿತಾಪತಿ. ಕೇಸು ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ತೋಪಾಲೊವ್ ಕಾಫಿ ಲೋಟ ಪಕ್ಕಕ್ಕಿಟ್ಟು ಪುಸ್ತಕ ತೆರೆದ. ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಕೋಳಿ ಕಳವು, ಕುಡಿದವರ ಜಗಳ, ಬೇಲಿ ತಕರಾರು ಬಿಟ್ಟರೆ ಬೇರೆ ಕೇಸು ನೋಡಿರಲಿಲ್ಲ.

“ಮೊದಲಿಂದ ಹೇಳಿ. ಮಂಗಳವಾರ ಏನಾಯ್ತು?”

“ಸೆಲ್ಫ್ ಹೊಡೆದ್ರೆ ಇಂಜಿನ್ ತಿರುಗ್ತಿತ್ತು, ಹತ್ಕೊಳ್ತಿರಲಿಲ್ಲ. ಡೀಸೆಲ್ ಪೈಪಿನ ಒಂದು ನಟ್ಟು ಅರ್ಧ ಸುತ್ತು ಸಡಿಲ ಆಗಿ ಏರ್ ತಗೊಂಡಿತ್ತು. ಹುಡುಕಿ, ಏರ್ ತೆಗೆದು ಮುಗಿಸೋ ಹೊತ್ತಿಗೆ ಸಂಜೆ. ಹಳೇ ಗಾಡಿ, ಆಗುತ್ತೆ ಅಂದ್ಕೊಂಡೆ.”

“ನಿನ್ನೆ?”

“ನಿನ್ನೆ ಹತ್ಕೊಳ್ತು. ಕಾಲು ಗಂಟೆ ಓಡಿ ಸತ್ತೋಯ್ತು. ಮತ್ತೆ ಹೊಡೆದ್ರೆ ಮತ್ತೆ ಕಾಲು ಗಂಟೆ. ಇಡೀ ದಿನ ಇದೇ ಆಟ. ಸಂಜೆ ನೋಡಿದ್ರೆ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗೋ ತೂತಿಗೆ ಯಾರೋ ಮೇಣ ತುಂಬಿದಾರೆ. ಟ್ಯಾಂಕಿಗೆ ಗಾಳಿ ಹೋಗದೆ ಇದ್ರೆ ಡೀಸೆಲ್ ಹೇಗೆ ಬರುತ್ತೆ? ಆಗ ಗೊತ್ತಾಯ್ತು ನನಗೆ.”

“ಇವತ್ತು?”

“ಇವತ್ತು ಏನೂ ಗೊತ್ತಾಗ್ತಿಲ್ಲ. ಕಂಪನಿ ಮೆಕ್ಯಾನಿಕ್ಕು ಲ್ಯಾಪ್‌ಟಾಪ್ ತಂದು ಸುತ್ತ ಓಡಾಡ್ತಿದಾನೆ. ಆ ಗಾಡೀಲಿ ಅದನ್ನ ಚುಚ್ಚೋಕೆ ಜಾಗವೇ ಇಲ್ಲ.” ಕಾಮೆನ್ ಮೇಜಿನ ಮೇಲೆ ಬಾಗಿದ. “ಡ್ರೈವರ್ ಇಲ್ಚೊನ ಹಿಡೀರಿ. ಕೀಲಿ ಅವನ ಹತ್ರಾನೇ ಇರೋದು. ಅವನ ತಂಗಿ ಮನೇಲಿ ಎಮ್ಮೆ ಇದೆ.”

ಎಮ್ಮೆಯ ಮಾತು ಯಾಕೆ ಬಂತೆಂದು ತೋಪಾಲೊವ್ ಕೇಳಬೇಕಾಗಿರಲಿಲ್ಲ. ಊರ ಕೆಳಗಿನ ಜೌಗು ಹುಲ್ಲುಗಾವಲಿನಲ್ಲಿ ಹನ್ನೊಂದು ಮನೆಗಳ ಎಮ್ಮೆಗಳು ತಲೆಮಾರುಗಳಿಂದ ಮೇಯುತ್ತಿದ್ದವು. ಆ ಗಾವಲನ್ನು ಪುರಸಭೆ ಬೇಸಿಗೆಯಲ್ಲಿ ಕಾಮೆನ್‌ನ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಊರಿನವರು ತಡೆಯಾಜ್ಞೆ ಕೇಳಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿದ್ದರು. ಅರ್ಜಿಯ ವಿಚಾರಣೆ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ. ಅಷ್ಟರೊಳಗೆ ನೇಗಿಲು ಬಿದ್ದರೆ ಅದು ಗಾವಲಾಗಿ ಉಳಿಯುವುದಿಲ್ಲ, ಉತ್ತ ಹೊಲವಾಗುತ್ತದೆ; ಆಮೇಲೆ ವಾದ ಮಾಡಲು ಏನೂ ಇರುವುದಿಲ್ಲ. ಚಕ್ರದ ಟ್ರ್ಯಾಕ್ಟರುಗಳು ಆ ಕೆಸರಿನಲ್ಲಿ ಹೂತುಹೋಗುತ್ತವೆ. ಇಳಿಯಬಲ್ಲದ್ದು ಅಗಲ ಉಕ್ಕಿನ ಚೈನಿನ ಮೇಲೆ ಉರುಳುವ ಆ ಹಳೆಯ ಚೈನ್ ಟ್ರ್ಯಾಕ್ಟರ್ ಒಂದೇ.

8.25ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

“ಇಲ್ಚೊ ಅಂತ ಬರೀರಿ,” ಅಂದ ಕಾಮೆನ್.

“ಗೊತ್ತಾದ ಮೇಲೆ ಬರೀತೀನಿ.”

ಜೀಪು ಹತ್ತುವಾಗ ಸಾರ್ಜೆಂಟ್ ಮಿಂಚೊ ಒಂದು ಕಾಲು ಒಳಗೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತ. ಇದೇ ಊರಿನವನು, ಐವತ್ತೆರಡು ವರ್ಷ, ಹೊಟ್ಟೆ ಬೆಲ್ಟಿನ ಮೇಲೆ ಕೂತಿತ್ತು.

“ಸಾರ್, ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ನನ್ನ ಹೆಂಡ್ತಿ ತವರಲ್ಲಿ ಎರಡು ಎಮ್ಮೆ ಇವೆ. ಬೇಕಾದ್ರೆ ನನ್ನ ಹೆಸರೂ ಬರ್ಕೊಳ್ಳಿ.”

“ನೀನು ಟ್ರ್ಯಾಕ್ಟರ್ ಕೆಡಿಸಿದ್ಯಾ?”

“ನನಗೆ ಸೈಕಲ್ ಚೈನ್ ಹಾಕೋಕೂ ಬರಲ್ಲ ಸಾರ್.”

“ಹಾಗಾದ್ರೆ ಹತ್ತು.”

ಟ್ರ್ಯಾಕ್ಟರ್ ನಿಂತಿದ್ದದ್ದು ಹಿಂದಿನ ಸಹಕಾರಿ ಸಂಘ ತನ್ನ ಟ್ರ್ಯಾಕ್ಟರುಗಳನ್ನು ಇಟ್ಟು ರಿಪೇರಿ ಮಾಡುತ್ತಿದ್ದ ಯಂತ್ರ ಠಾಣೆಯ ಅಂಗಳದಲ್ಲಿ. ಅದೀಗ ಕಂಪನಿಯ ಯಾರ್ಡು. ಮುಂದಿನ ಗೇಟಿಗೆ ಹೊಸ ಬೀಗ, ಬುಧವಾರ ಸಂಜೆಯಿಂದ ಒಬ್ಬ ಕಾವಲುಗಾರ. ರಾತ್ರಿಯಿಡೀ ಗೇಟು ಬಿಟ್ಟು ಕದಲಲಿಲ್ಲ, ಯಾರೂ ಬರಲಿಲ್ಲ ಎಂದು ಅವನು ಶಿಲುಬೆಯ ಗುರುತು ಹಾಕಿಕೊಂಡು ಹೇಳಿದ. ಬೀಗ ಮುರಿದಿರಲಿಲ್ಲ. ಬೇಲಿ ಕತ್ತರಿಸಿರಲಿಲ್ಲ. ಹಿಂದಿನ ಗೋಡೆಗೆ ಹೊಂದಿಕೊಂಡಂತೆ, ಒಂದು ಕಾಲದಲ್ಲಿ ಇಂಜಿನ್ನುಗಳ ಡೀಸೆಲ್ ಪಂಪು ರಿಪೇರಿ ಮಾಡುತ್ತಿದ್ದ ಹಳೆಯ ಪಂಪು ಕೋಣೆ ಇತ್ತು. ಅದರ ಹಿಂಬಾಗಿಲು ಹೊಲದ ಕಡೆಗೆ ತೆರೆಯುತ್ತಿತ್ತು. ಅದಕ್ಕೂ ಬೀಗವಿತ್ತು, ಮೇಲೆಲ್ಲ ತುಕ್ಕು. ತೋಪಾಲೊವ್ ಬೀಗದ ತೂತಿನ ಬಳಿ ಬೆರಳಾಡಿಸಿದ. ಬೆರಳಿಗೆ ಎಣ್ಣೆ ಹತ್ತಿತು. ತುಕ್ಕು ಹಿಡಿದ ಬೀಗದ ಹೊಟ್ಟೆಯೊಳಗೆ ಹೊಸ ಎಣ್ಣೆ.

“ಇದರ ಕೀಲಿ ಯಾರ ಹತ್ರ?”

“ಅದರದ್ದು ಕೀಲಿನೇ ಇಲ್ಲ,” ಅಂದ ಕಾಮೆನ್. “ನಾವು ಯಾರ್ಡ್ ತಗೊಂಡಾಗಿಂದ ತೆಗೆದಿಲ್ಲ.”

ಬೀಗದಲ್ಲಿ ಹೊಸ ಎಣ್ಣೆ, 9.40 ಎಂದು ತೋಪಾಲೊವ್ ಬರೆದುಕೊಂಡ.

ಇಲ್ಚೊನನ್ನು ಠಾಣೆಗೆ ಕರೆತಂದದ್ದು ಹತ್ತು ಗಂಟೆಗೆ. ಐವತ್ತೈದರ ತೆಳ್ಳನೆಯ ಮನುಷ್ಯ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು.

“ಕೀಲಿ ನಿನ್ನ ಹತ್ರ ಇರುತ್ತಾ?”

“ಹೌದು.”

“ಗಾವಲು ಉಳೋಕೆ ನಿನಗೆ ಮನಸ್ಸಿದೆಯಾ?”

“ಇಲ್ಲ.”

“ಮತ್ಯಾಕೆ ಒಪ್ಕೊಂಡೆ?”

“ಈ ಊರಲ್ಲಿ ಸಂಬಳ ಕೊಡೋನು ಅವನೊಬ್ಬನೇ.”

“ಟ್ರ್ಯಾಕ್ಟರ್ ನೀನು ಕೆಡಿಸಿದ್ಯಾ?”

ಇಲ್ಚೊ ನಕ್ಕ. “ಸಾಹೇಬ್ರೆ, ನನಗೆ ಬೇಡ ಅನಿಸಿದ್ರೆ ಕೀಲಿ ಬಾವಿಗೆ ಬಿತ್ತು ಅಂತಿದ್ದೆ. ಎರಡು ದಿನ ಗಾಡಿ ಕೆಳಗೆ ಮಲಗಿ ಮುಖದ ತುಂಬಾ ಡೀಸೆಲ್ ಸುರಿಸ್ಕೊಳ್ತಿದ್ನಾ?”

“ಯಾರ ಮೇಲಾದ್ರೂ ಅನುಮಾನ?”

ಇಲ್ಚೊ ಕಿಟಕಿಯ ಕಡೆ ನೋಡಿದ. “ಇಲ್ಲ,” ಅಂದ. ಆ ‘ಇಲ್ಲ’ ಬರಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ತೋಪಾಲೊವ್ ಅದನ್ನೂ ಬರೆದುಕೊಂಡ. ಹೇಳಿಕೆ ಮುಗಿಯುವವರೆಗೆ ಠಾಣೆಯಲ್ಲೇ ಇರುವಂತೆ ಅವನಿಗೆ ಹೇಳಲಾಯಿತು. ಅಷ್ಟರಲ್ಲಿ ಕಾಮೆನ್ ಫೋನು ಮಾಡಿ ಇಲ್ಚೊನನ್ನು ಕೆಲಸದಿಂದ ತೆಗೆದಿದ್ದೇನೆ, ಇನ್ನು ಬಂಧಿಸುವುದು ನಿಮ್ಮ ಕೆಲಸ ಎಂದು ತಿಳಿಸಿದ.

ಮೂರನೆಯ ದೋಷ ಯಾವುದೆಂದು ಗೊತ್ತಾಗದೆ ತನಿಖೆ ಮುಂದಕ್ಕೆ ಹೋಗುವಂತಿರಲಿಲ್ಲ. ಕಂಪನಿಯ ಮೆಕ್ಯಾನಿಕ್ ಕೈ ಚೆಲ್ಲಿದ್ದ. ಜಿಲ್ಲಾ ಕೇಂದ್ರದ ಸರ್ಕಾರಿ ತಜ್ಞ ಸೋಮವಾರವೇ ಬರುವುದು ಅಂದಿದ್ದರು.

“ಈ ಇಂಜಿನ್ ಗೊತ್ತಿರೋರು ಊರಲ್ಲಿ ಯಾರೂ ಇಲ್ವಾ?” ಎಂದು ಕೇಳಿದ ತೋಪಾಲೊವ್.

ಮಿಂಚೊ ಟೋಪಿ ತೆಗೆದು ತಲೆ ಕೆರೆದುಕೊಂಡ. “ರಾಯ್ನಾ ಅತ್ತೆ ಇದಾರೆ ಸಾರ್, ಊರಿಗೆಲ್ಲ ಅತ್ತೆ. ರಾಯ್ನಾ ಚಕಾರೊವಾ. ಸಂಘದ ಕಾಲದಲ್ಲಿ ಯಂತ್ರ ಠಾಣೇಲಿ ಡೀಸೆಲ್ ಪಂಪ್ ಕೂರಿಸ್ತಿದ್ದೋರು. ಮೂರು ಜಿಲ್ಲೆಯ ಪಂಪು ಅವರ ಕೈಗೇ ಬರ್ತಿತ್ತು. ವಯಸ್ಸಾಗಿದೆ, ಬಾಯಿ ಮಾತ್ರ ಹಾಗೇ ಇದೆ.”

ರಾಯ್ನಾ ಚಕಾರೊವಾ ಯಾರ್ಡಿಗೆ ಬಂದದ್ದು 12.30ಕ್ಕೆ. ಅರವತ್ತೇಳು ವರ್ಷ, ಗಿಡ್ಡ ಆಳು. ನೀಲಿ ಮೇಲಂಗಿ, ತಲೆಗೆ ಕಟ್ಟಿದ ಬಟ್ಟೆ, ಕೈಯಲ್ಲಿ ಮರದ ಪೆಟ್ಟಿಗೆ. ಪಂಚರಾಗಿ ಅಂಚೆಯವಳನ್ನೂ ಬೇಕರಿಯವನನ್ನೂ ಕರೆಸಲಾಗಿತ್ತು. ರಾಯ್ನಾ ಎಲ್ಲರನ್ನೂ ಒಮ್ಮೆ ಎಣಿಸಿದಂತೆ ನೋಡಿದಳು.

“ಇಲ್ಚೊ ಎಲ್ಲಿ?”

“ಠಾಣೇಲಿ,” ಅಂದ ಮಿಂಚೊ.

“ಯಾಕೆ?”

“ಅವನೇ ಮಾಡಿದ್ದು ಅಂತ ಮ್ಯಾನೇಜರ್ ಹೇಳ್ತಾರೆ. ಕೆಲಸದಿಂದಾನೂ ತೆಗೆದ್ರು.”

ರಾಯ್ನಾ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. ಸ್ವಲ್ಪ ಹೊತ್ತು ಅದರ ಹಿಡಿಯನ್ನು ಬಿಡಲೇ ಇಲ್ಲ. ಆಮೇಲೆ ತೋಳು ಮಡಚಿಕೊಂಡು, “ಲೋ ಮಿಂಚೊ, ಹತ್ತಿ ಸೆಲ್ಫ್ ಹೊಡಿ,” ಅಂದಳು.

ಇಂಜಿನ್ ಗುರ್‌ಗುರ್ ಎಂದು ತಿರುಗಿತು. ಹತ್ತಿಕೊಳ್ಳಲಿಲ್ಲ. ರಾಯ್ನಾ ನೋಡುತ್ತಿದ್ದುದು ಇಂಜಿನ್ನನ್ನಲ್ಲ, ಹೊಗೆಕೊಳವೆಯ ತುದಿಯನ್ನು.

“ಸಾಕು. ಹೊಗೆ ಬಂತಾ ಸಾಹೇಬ್ರೆ?”

“ಇಲ್ಲ.”

“ಬಿಳೀ ಹೊಗೆ ಬಂದಿದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಉರೀತಿಲ್ಲ ಅಂತ ಅರ್ಥ. ಹೊಗೇನೇ ಇಲ್ಲ ಅಂದ್ರೆ ಡೀಸೆಲ್ಲೇ ಹೋಗ್ತಿಲ್ಲ. ಬರ್ಕೊಳ್ಳಿ. ಈಗ ಟ್ಯಾಂಕಿಂದ ಶುರು ಮಾಡೋಣ.”

ತೋಪಾಲೊವ್ ಬರೆದುಕೊಂಡ. ಟ್ಯಾಂಕಿಗೆ ಕೋಲು ಇಳಿಸಿ ನೋಡಲಾಯಿತು: ಮುಕ್ಕಾಲು ತುಂಬಿದೆ, 12.55. ಮುಚ್ಚಳದ ತೂತು: ಶುದ್ಧ, 1.05. ಟ್ಯಾಂಕಿನ ತಳದಿಂದ ಗಾಜಿನ ಭರಣಿಗೆ ಡೀಸೆಲ್ ಹಿಡಿದು ಪಂಪು ಕೋಣೆಯ ಕಿಟಕಿಯ ಕಟ್ಟೆಯ ಮೇಲಿಟ್ಟಳು. ನೀರಿದ್ದರೆ ತಳಕ್ಕೆ ಕೂರುತ್ತದೆ, ಅರ್ಧ ಗಂಟೆ ಕಾಯಬೇಕು ಅಂದಳು. ಕಾದರು. ನೀರಿರಲಿಲ್ಲ, 1.40. ಆಮೇಲೆ ಮೊದಲನೆಯ ಪೈಪು ಬಿಚ್ಚಿ ಊದಿದಳು. ಬಿಚ್ಚಿದ ಪ್ರತಿ ನಟ್ಟನ್ನೂ ಬಟ್ಟೆಯಿಂದ ಒರೆಸಿ, ಬಿಳಿ ಟವೆಲ್ಲಿನ ಮೇಲೆ ಸಾಲಾಗಿ ಇಟ್ಟಳು.

ಎರಡೂವರೆಗೆ ಕಾಮೆನ್‌ನ ತಾಳ್ಮೆ ಮುಗಿಯಿತು. “ಏನಮ್ಮ ಇದು, ಮದುವೆ ಊಟ ಬಡಿಸ್ತಿದೀಯಾ? ಬೇಗ ಮಾಡು!”

“ಅವಸರ ಇದ್ರೆ ನೀನೇ ಬಾ ಮ್ಯಾನೇಜರಪ್ಪ. ಪಾನಾ ಕೊಡ್ತೀನಿ.” ರಾಯ್ನಾ ಹದಿನೇಳನೇ ನಂಬರಿನ ಪಾನಾವನ್ನು ಅವನತ್ತ ಚಾಚಿದಳು. “ಯಾವ ಕಡೆ ತಿರುಗಿಸಿದ್ರೆ ಬಿಚ್ಚುತ್ತೆ ಅಂತ ಗೊತ್ತಾ?”

ಬೇಕರಿಯವನು ಕೆಮ್ಮಿದ. ಅಂಚೆಯವಳು ಮುಖ ತಿರುಗಿಸಿಕೊಂಡಳು. ಕಾಮೆನ್ ಕಾರಿನೊಳಗೆ ಹೋಗಿ ಕೂತ.

ಮೂರು ಗಂಟೆಗೆ ಅವಳು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುವಂತೆ ತೋಪಾಲೊವ್‌ಗೆ ಹೇಳಿದಳು. ಇನ್‌ಸ್ಪೆಕ್ಟರ್ ತೋಳು ಮಡಚಿ ಒತ್ತಿದ. ಸ್ಕ್ರೂವಿನ ಸುತ್ತ ಡೀಸೆಲ್ ಉಕ್ಕಿತು.

“ಗುಳ್ಳೆ ಇದೆಯಾ?”

“ಇಲ್ಲ.”

“ಅಂದ್ರೆ ಏರ್ ತಗೊಂಡಿಲ್ಲ. ಟ್ಯಾಂಕಿಂದ ಫಿಲ್ಟರ್ ತನಕ ದಾರಿ ಸರಿ ಇದೆ.” ಆಮೇಲೆ ಸಿಲಿಂಡರಿನ ಕಡೆಯ ಒಂದು ಪೈಪು ಬಿಚ್ಚಿ ಸೆಲ್ಫ್ ಹೊಡೆಸಿದಳು. ಒಂದು ತೊಟ್ಟೂ ಬರಲಿಲ್ಲ. “ಇಲ್ಲಿ ಒಣಗಿದೆ. ಅಲ್ಲಿ ಇದೆ, ಇಲ್ಲಿ ಇಲ್ಲ. ಇನ್ನೆಲ್ಲಿ ನೋಡ್ತೀರಾ ಸಾಹೇಬ್ರೆ?”

“ನಡುವೆ.”

“ನಿಮ್ಮನ್ನ ಪೊಲೀಸ್‌ಗೆ ಹಾಕಿ ಕೆಲಸ ಕೆಡಿಸಿದಾರೆ. ಒಳ್ಳೇ ಫಿಟ್ಟರ್ ಆಗ್ತಿದ್ರಿ.”

ಫಿಲ್ಟರಿನಿಂದ ಬರುವ ಪೈಪನ್ನು ಪಂಪಿಗೆ ಬಿಗಿಯುವುದು ಒಂದು ಪೊಳ್ಳು ಬೋಲ್ಟು. ಅದರ ಹೊಟ್ಟೆಯ ತೂತಿನ ಮೂಲಕವೇ ಡೀಸೆಲ್ ಒಳಗೆ ಹೋಗಬೇಕು. 3.50ಕ್ಕೆ ರಾಯ್ನಾ ಅದನ್ನು ಬಿಚ್ಚಿ, ಒರೆಸಿ, ಇನ್‌ಸ್ಪೆಕ್ಟರನ ಅಂಗೈಗೆ ಹಾಕಿದಳು. ತೂತಿನೊಳಗೆ ಅಂಗಿಯ ಗುಂಡಿಗಿಂತ ಚಿಕ್ಕದಾದ ಚರ್ಮದ ಬಿಲ್ಲೆಯೊಂದು ಬಿಗಿಯಾಗಿ ಕೂತಿತ್ತು. ಅಂಚು ಕತ್ತರಿಯಿಂದ ಕತ್ತರಿಸಿದಂತಿರಲಿಲ್ಲ. ಉಳಿಯಿಂದ ಒಂದೇ ಏಟಿಗೆ ಹೊಡೆದು ತೆಗೆದ ಹಾಗೆ ದುಂಡಗಿತ್ತು.

“ಸಿಕ್ತಾ?” ಕಾಮೆನ್ ಕಾರಿನಿಂದ ಇಳಿದು ಓಡಿಬಂದ. “ಇನ್ನೂ ಎರಡೂವರೆ ಗಂಟೆ ಬೆಳಕಿದೆ! ಬೇಗ ಹಾಕು!”

ತೋಪಾಲೊವ್ ಬಿಲ್ಲೆಯನ್ನು ನೋಡುತ್ತಿರಲಿಲ್ಲ. ಬೋಲ್ಟಿನ ಎರಡು ಕಡೆಯೂ ಒಂದೊಂದು ತಾಮ್ರದ ವಾಷರ್ ಇತ್ತು. ಇಂಜಿನ್ನಿನ ಮೇಲಿನ ಉಳಿದ ವಾಷರುಗಳೆಲ್ಲ ಮಸಿ ಹಿಡಿದು ಕಪ್ಪಾಗಿದ್ದವು. ಇವೆರಡು ಮಾತ್ರ ಕೆಂಪಗೆ, ಹೊಸ ಹೊಳಪಿನಲ್ಲಿದ್ದವು. ಉಗುರು ಒತ್ತಿದರೆ ಗೆರೆ ಮೂಡುವಷ್ಟು ಮೆತ್ತಗಿದ್ದವು.

“ಇವು ಯಾಕೆ ಬೇರೆ ಥರ ಇವೆ?”

ರಾಯ್ನಾ ಕೈ ಒರೆಸಿಕೊಂಡಳು.

“ಒಂದ್ಸಲ ಬಿಗಿದ ತಾಮ್ರ ಗಟ್ಟಿಯಾಗುತ್ತೆ. ಬಿಚ್ಚಿ ಅದನ್ನೇ ಹಾಕಿದ್ರೆ ಸೋರುತ್ತೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಬೇಕು, ಆಗ ಮತ್ತೆ ಮೆತ್ತಗಾಗುತ್ತೆ. ಇವನ್ನ ಕಾಯಿಸಿದಾರೆ.”

“ಗಾಡಿ ಕೆಡಿಸೋಕೆ ಬಂದೋನು ಸೋರಬಾರದು ಅಂತ ವಾಷರ್ ಕಾಯಿಸಿ ಹಾಕ್ತಾನಾ?”

“ಕೆಲಸ ಗೊತ್ತಿದ್ದೋರು ಹಾಕ್ತಾರೆ.”

“ಇಲ್ಚೊಗೆ ಗೊತ್ತಾ?”

“ಇಲ್ಚೊ ಡ್ರೈವರ್. ಅವನು ಹಳೇದನ್ನೇ ತಿರುಗಿಸಿ ಹಾಕ್ತಾನೆ. ನಲವತ್ತು ವರ್ಷದಿಂದ ಬೈಕೊಂಡು ಬಂದಿದೀನಿ.”

“ಮತ್ತೆ ಈ ಊರಲ್ಲಿ ಯಾರಿಗೆ ಗೊತ್ತು?”

“ಪಂಪು ಕೋಣೇಲಿ ನಾವು ಹನ್ನೊಂದು ಜನ ಇದ್ವಿ.”

“ಈಗ?”

“ಹತ್ತು ಜನ ಸ್ಮಶಾನದಲ್ಲಿದಾರೆ ಸಾಹೇಬ್ರೆ.”

ಮಿಂಚೊ ಬೂಟಿನ ತುದಿಯನ್ನು ನೋಡುತ್ತ ನಿಂತ. ರಾಯ್ನಾ ಪೆಟ್ಟಿಗೆಯಿಂದ ಒಂದು ತಗಡಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಟವೆಲ್ಲಿನ ಮೇಲಿಟ್ಟಳು. ಅದರ ತುಂಬ ಅಂಥವೇ ಕೆಂಪು ವಾಷರುಗಳು. ಎರಡನ್ನು ಆರಿಸಿ ಬೋಲ್ಟಿಗೆ ಹಾಕಿ, ಬಿಲ್ಲೆಯನ್ನು ಕಡ್ಡಿಯಿಂದ ನೂಕಿ ತೆಗೆದು ಇನ್‌ಸ್ಪೆಕ್ಟರನ ಮುಂದಿಟ್ಟಳು. ಬೋಲ್ಟನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಪಾನಾ ಹಾಕಿ ಒಂದು ಸಲ ಬಿಗಿದಳು. ಬಿಚ್ಚಿದ್ದ ಪೈಪನ್ನೂ ಜೋಡಿಸಿ, ಕೈಪಂಪು ಒತ್ತಿಸಿ ಏರ್ ತೆಗೆದಳು.

“ಈಗ ಹೊಡಿ ಮಿಂಚೊ.”

ಎರಡನೇ ತಿರುವಿಗೆ ಇಂಜಿನ್ ಹತ್ತಿಕೊಂಡಿತು. ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ರಾಯ್ನಾ ತಲೆ ಓರೆ ಮಾಡಿ ಶಬ್ದ ಕೇಳಿದಳು. ನಾಲ್ಕು ಸಿಲಿಂಡರೂ ಸರಿಯಾಗಿ ಹೊಡೆಯುತ್ತಿವೆ ಎಂದು ಖಾತ್ರಿಯಾದ ಮೇಲೆ ಕೈಯೆತ್ತಿ ಆಫ್ ಮಾಡಿಸಿದಳು.

“ಹೊಗೆ ಇಲ್ಲ ಅಂತ ಮೊದಲನೇ ಸಲಕ್ಕೇ ಗೊತ್ತಾಯ್ತು,” ಅಂದ ತೋಪಾಲೊವ್ ಮೆಲ್ಲಗೆ. “ಕೈಪಂಪು ಒತ್ತಿ ನೋಡಿದ್ರೆ ಹತ್ತು ನಿಮಿಷದ ಕೆಲಸ. ನೀವು ಮೂರು ಗಂಟೆ ಮೇಲೆ ತಗೊಂಡ್ರಿ.”

“ಇನ್ನೂ ತಗೊಳ್ತಿದ್ದೆ. ನಾಳೆ ಬೆಳಿಗ್ಗೆ ತನಕ ಎಳೀಬೇಕು ಅಂತಾನೇ ಬಂದೆ. ಆದ್ರೆ ಅಲ್ಲೊಬ್ಬ ಸುಮ್ ಸುಮ್ನೆ ಕೂತಿದಾನೆ.” ಎರಡು ಮುಂಗೈಗಳನ್ನೂ ಮುಂದೆ ಚಾಚಿದಳು. “ನಾನೇ ಮಾಡಿದ್ದು. ಮೂರು ಸಲಾನೂ. ಬೆಳಗಿನ ಜಾವ, ಊರಿನೋರು ಎಮ್ಮೆ ಬಿಡೋಕೆ ಮುಂಚೆ, ಪಂಪು ಕೋಣೆ ಹಿಂಬಾಗಿಲಿಂದ ಬಂದೆ. ಆ ಬೀಗದ ಕೀಲಿ ಸಂಘದ ಕಾಲದಿಂದಾನೂ ನನ್ನ ಹತ್ರಾನೇ ಇದೆ. ಇಲ್ಚೊನ ಬಿಡಿ.”

“ಮುದುಕಿ!” ಕಾಮೆನ್ ಮುಂದಕ್ಕೆ ನುಗ್ಗಿದ. ಮಿಂಚೊನ ಹೊಟ್ಟೆ ನಡುವೆ ಬಂತು.

ತೋಪಾಲೊವ್ ಕೈಕೋಳ ತೆಗೆಯಲಿಲ್ಲ. ಬಂಧನದ ಕಾಗದವನ್ನು ಟ್ರ್ಯಾಕ್ಟರಿನ ಚೈನಿನ ಮೇಲೆ ಇಟ್ಟುಕೊಂಡು ತುಂಬಿದ. ಗುರುವಾರ, ಸಂಜೆ 4.20.

“ಉದ್ಯೋಗ?”

“ಡೀಸೆಲ್ ಪಂಪ್ ಫಿಟ್ಟರ್. ಆರನೇ ದರ್ಜೆ, ಅಂದ್ರೆ ಮೇಲಿನ ದರ್ಜೆ.”

“ಈಗ ನಿವೃತ್ತರಲ್ವಾ?”

“ಮೂರು ಬೆಳಗು ಕೆಲಸ ಮಾಡಿದೀನಲ್ಲ. ಫಿಟ್ಟರ್ ಅಂತಾನೇ ಬರೀರಿ.”

ತೋಪಾಲೊವ್ ಹಾಗೇ ಬರೆದ. ಕಾಮೆನ್ ಅಷ್ಟರಲ್ಲಿ ಫೋನಿನಲ್ಲಿ ಇನ್ನೊಬ್ಬ ಡ್ರೈವರನನ್ನು ಕರೆಯುತ್ತಿದ್ದ. ಅರ್ಧ ಗಂಟೆಯಲ್ಲಿ ಬಾ, ಕತ್ತಲಾಗುವುದರೊಳಗೆ ಗಾವಲಿನ ಸುತ್ತ ನಾಲ್ಕು ಸಾಲು ಹೊಡೆದರೂ ಸಾಕು ಎನ್ನುತ್ತಿದ್ದ. ಇನ್‌ಸ್ಪೆಕ್ಟರ್ ಕಾಗದ ಮಡಚಿ ಜೇಬಿಗಿಟ್ಟು, ಟ್ರ್ಯಾಕ್ಟರಿನಲ್ಲೇ ಇದ್ದ ಕೀಲಿಯನ್ನು ಕಿತ್ತುಕೊಂಡ.

“ಇದೇನು?” ಅಂದ ಕಾಮೆನ್.

“ಜಪ್ತಿ.”

“ಏನ್ ಜಪ್ತಿ? ಗಾಡಿ ನಂದು!”

“ನಿಮ್ಮದೇ. ಅದರ ಮೇಲೆ ಅಪರಾಧ ಆಗಿದೆ ಅಂತ ಬೆಳಿಗ್ಗೆ ನೀವೇ ದೂರು ಕೊಟ್ಟಿದೀರಿ. ಅಪರಾಧ ನಡೆದ ವಸ್ತು ಸಾಕ್ಷಿ. ಜಿಲ್ಲೆಯ ತಜ್ಞರು ಸೋಮವಾರ ಬರ್ತಾರೆ. ಅವರು ನೋಡಿ ಬರೆದುಕೊಡೋ ತನಕ ಆ ಗಾಡಿಯ ಒಂದು ನಟ್ಟನ್ನೂ ಯಾರೂ ಮುಟ್ಟೋ ಹಾಗಿಲ್ಲ.”

“ಅಪರಾಧಿ ಸಿಕ್ಕಾಯ್ತು! ಒಪ್ಕೊಂಡೂ ಆಯ್ತು!”

“ಒಪ್ಕೊಂಡ್ರೆ ಸಾಲಲ್ಲ. ಕೋರ್ಟಲ್ಲಿ ಸಾಬೀತಾಗಬೇಕಲ್ಲ.”

“ದೂರು ವಾಪಸ್ ತಗೋತೀನಿ.”

“ಎಫ್‌ಐಆರ್ ಆಗಿದೆ. ವಾಪಸ್ ಅನ್ನೋದು ಪ್ರಾಸಿಕ್ಯೂಟರ್ ಕೈಲಿದೆ. ಅವರಿರೋದು ಜಿಲ್ಲಾ ಕೇಂದ್ರದಲ್ಲಿ, ಐದು ಗಂಟೆಗೆ ಮನೆಗೆ ಹೋಗ್ತಾರೆ.”

ಕಾಮೆನ್ ಅವನ ಮುಖಕ್ಕೆ ಮುಖ ಕೊಟ್ಟು ನಿಂತ. “ಎಂಟು ತಿಂಗಳಾಯ್ತು ನೀನಿಲ್ಲಿಗೆ ಬಂದು. ಒಂಬತ್ತನೇ ತಿಂಗಳು ಎಲ್ಲಿರ್ತೀಯೋ ನೋಡ್ಕೊ.”

“ಬೆದರಿಕೆ ಅಂತ ಬರ್ಕೊಳ್ಳಾ? ಪಂಚರು ಇಲ್ಲೇ ಇದಾರೆ.”

ಕಾಮೆನ್ ಕಾರಿನ ಬಾಗಿಲು ಬಡಿದುಕೊಂಡು ಹೋದ. ಅರಗು, ದಾರ, ಮೊಹರು ಬಂತು. ಟ್ಯಾಂಕು, ಫಿಲ್ಟರು, ಪಂಪು ಮೂರಕ್ಕೂ ಮುದ್ರೆ ಬಿತ್ತು. 5.10ಕ್ಕೆ ಅಂಚೆಯವಳು ಜಪ್ತಿ ಪಂಚನಾಮೆಗೆ ಸಹಿ ಹಾಕಿದಳು. ಬೇಕರಿಯವನು ತನ್ನ ಸಹಿಯ ಕೆಳಗೆ ಎರಡು ಗೆರೆ ಎಳೆದ. ಹಾಗೆ ಎಳೆಯುವ ಅಗತ್ಯವಿರಲಿಲ್ಲ.

ಕಾನೂನು ಪಾಲಿಸಿದ್ದೇನೆ ಎಂದು ತೋಪಾಲೊವ್ ಜೀಪಿನಲ್ಲಿ ತನಗೇ ಹೇಳಿಕೊಂಡ. ಅದು ನಿಜವೂ ಆಗಿತ್ತು. ಆದರೂ ಠಾಣೆ ತಲುಪುವಷ್ಟರಲ್ಲಿ ಜೇಬಿನಲ್ಲಿದ್ದ ಟ್ರ್ಯಾಕ್ಟರಿನ ಕೀಲಿಯನ್ನು ಎರಡು ಸಲ ಮುಟ್ಟಿ ನೋಡಿಕೊಂಡ. ಹಿಂದಿನ ಸೀಟಿನಲ್ಲಿ ರಾಯ್ನಾ ಮಿಂಚೊನಿಗೆ ಅವನ ಅಪ್ಪನ ಮೋಟಾರ್ ಸೈಕಲ್ಲಿನ ಕತೆ ಹೇಳುತ್ತಿದ್ದಳು.

ಠಾಣೆಯಲ್ಲಿ ಇಲ್ಚೊನನ್ನು ಬಿಡಲಾಯಿತು. ಬಾಗಿಲಲ್ಲಿ ಇಬ್ಬರೂ ಎದುರಾದರು.

“ನಂಗೊತ್ತಿತ್ತು ನೀನೇ ಅಂತ,” ಅಂದ ಇಲ್ಚೊ. “ನಟ್ಟು ಸರಿಯಾಗಿ ಅರ್ಧ ಸುತ್ತು. ಇನ್ಯಾರು ಹಾಗೆ ಲೆಕ್ಕ ಹಾಕಿ ಸಡಿಲಿಸ್ತಾರೆ?”

“ಹೇಳಬೇಕಿತ್ತಲ್ಲೋ ಕತ್ತೆ.”

“ನೀನು ನನಗೆ ಹೇಳಿದ್ಯಾ?”

ರಾಯ್ನಾ ಅವನ ಹೆಗಲು ತಟ್ಟಿ ಒಳಗೆ ನಡೆದಳು.

ಶುಕ್ರವಾರ, ಅಕ್ಟೋಬರ್ 17. ಬೆಳಿಗ್ಗೆ 11.20ಕ್ಕೆ ಜಿಲ್ಲಾ ನ್ಯಾಯಾಲಯದಿಂದ ಫೋನು ಬಂತು. ಮಿಂಚೊ ತೆಗೆದುಕೊಂಡ. ಮೊಕದ್ದಮೆ ಇತ್ಯರ್ಥವಾಗುವವರೆಗೆ ಕಾಲ್ನಿದೋಲ್ ಹುಲ್ಲುಗಾವಲನ್ನು ಯಾರೂ ಉಳುವಂತಿಲ್ಲ. ಮಿಂಚೊ “ಸರಿ ಸರಿ, ಬರ್ಕೊಂಡೆ” ಎಂದು ಎರಡು ಸಲ ಹೇಳಿ ಫೋನಿಟ್ಟು, ಟೋಪಿ ಹಾಕಿಕೊಂಡು, ಬೀದಿಯ ಕಡೆಯ ಕಿಟಕಿ ತೆರೆದ. ಹೊರಗೆ ಆಗಲೇ ಮೂವತ್ತು ಜನ ಸೇರಿದ್ದರು. ಅವನು ಏನೂ ಹೇಳಬೇಕಾಗಲಿಲ್ಲ. ಮುಖ ನೋಡಿಯೇ ಅವರು ಕೂಗಿದರು.

11.45ಕ್ಕೆ ಪ್ರಾಸಿಕ್ಯೂಟರರ ಫೋನು.

“ತೋಪಾಲೊವ್, ಆ ಹೆಂಗಸಿಗೆ ಅರವತ್ತೇಳು. ಗಾಡಿಗೂ ಏನೂ ಆಗಿಲ್ಲ. ನಾನು ಮಾಡಿದ್ದು ತಪ್ಪು, ಪಶ್ಚಾತ್ತಾಪ ಪಡ್ತೀನಿ ಅಂತ ಎರಡು ಸಾಲು ಬರೆಸಿ ಸಹಿ ಹಾಕಿಸಿ. ಎಚ್ಚರಿಕೆ ಕೊಟ್ಟು ಸಂಜೆಗೆ ಮನೆಗೆ ಕಳಿಸೋಣ.”

“ಸಹಿ ಹಾಕದಿದ್ರೆ?”

“ಹಾಕದೆ ಏನು? ಹಾಕದಿದ್ರೆ ಆರೋಪಪಟ್ಟಿ, ಕೋರ್ಟು. ಜೈಲೂ ಆಗಬಹುದು.”

ತೋಪಾಲೊವ್ ಎರಡು ಸಾಲನ್ನು ತಾನೇ ಟೈಪು ಮಾಡಿ, ಒಂದು ತಟ್ಟೆಯಲ್ಲಿ ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ ತಿಂಡಿ, ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಲಾಕಪ್ಪಿಗೆ ಹೋದ. ತಡೆಯಾಜ್ಞೆಯ ಸುದ್ದಿ ಹೇಳಿದ. ರಾಯ್ನಾ ಮಜ್ಜಿಗೆ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, “ಹೂಂ” ಅಂದಳು. ಆಮೇಲೆ ಕಾಗದ ಓದಿದಳು. ಎರಡು ಸಲ ಓದಿದಳು.

“ಇದಕ್ಕೆ ಸಹಿ ಹಾಕಲ್ಲ.”

“ಹಾಕಿದ್ರೆ ಸಂಜೆ ಮನೇಲಿರ್ತೀರಿ.”

“ತಪ್ಪು ಮಾಡಿದೀನಿ ಅಂತ ನನಗೆ ಅನಿಸಿಲ್ಲ. ಅನಿಸದೇ ಇರೋದಕ್ಕೆ ಹೇಗೆ ಸಹಿ ಹಾಕಲಿ? ಇಲ್ಚೊಗೆ ಕ್ಷಮೆ ಕೇಳ್ತೀನಿ. ಎರಡು ದಿನ ಅವನನ್ನ ಗಾಡಿ ಕೆಳಗೆ ಒದ್ದಾಡಿಸಿದೆ, ಕೆಲಸಾನೂ ಕಳೆದೆ. ಅದನ್ನ ಬರೀರಿ, ಸಹಿ ಹಾಕ್ತೀನಿ. ಇನ್ನೊಂದು, ಮೇಲುಗಡೆ ‘ಯಂತ್ರ ಹಾಳುಮಾಡಿದ ಬಗ್ಗೆ’ ಅಂತ ಇದೆ. ನಾನು ಹಾಳುಮಾಡಿಲ್ಲ. ನಿಲ್ಲಿಸಿದೆ. ತಿದ್ದಿ.”

ತೋಪಾಲೊವ್ ಸ್ಟೂಲು ಎಳೆದು ಕೂತ. ಕೇಸು ಡೈರಿಯಲ್ಲಿ ಇನ್ನೂ ಒಂದು ಅಂಕಣ ಖಾಲಿ ಇತ್ತು.

“ನಿಮ್ಮ ಹತ್ರ ಎಮ್ಮೆ ಇದೆಯಾ?”

“ಇಲ್ಲ.”

“ಗಾವಲಲ್ಲಿ ನಿಮ್ಮ ಪಾಲು?”

“ಇಲ್ಲ. ಪಕ್ಕದ ಮನೆಯವರು ಮೊಸರು ಕೊಡ್ತಾರೆ, ಅಷ್ಟೇ.”

“ಮ್ಯಾನೇಜರ್ ಮೇಲೆ ಹಳೇ ದ್ವೇಷ?”

“ಆ ಹುಡುಗನ ಮೇಲಾ?” ರಾಯ್ನಾ ತಲೆ ಕೊಡವಿದಳು. “ಅವನಲ್ಲದಿದ್ರೆ ಇನ್ನೊಬ್ಬ.”

“ಮತ್ಯಾಕೆ?”

ಅವಳು ಗೋಡೆಗೆ ಒರಗಿಕೊಂಡಳು. ದನಿ ಮೊದಲ ಸಲ ತಗ್ಗಿತು.

“ತೊಂಬತ್ತೆರಡರಲ್ಲಿ ಸಂಘ ಮುಚ್ಚಿದ್ರು. ಪೇಟೆಯಿಂದ ಮೂರು ಜನ ಬಂದು ಯಂತ್ರ ಠಾಣೆ ಎಲ್ಲಾ ಗುಜರಿಗೆ ಹಾಕಿದ್ರು. ನನ್ನ ಕೋಣೇಲಿ ಪಂಪು ಅಳತೆ ನೋಡೋ ಯಂತ್ರ ಇತ್ತು, ಬೆಂಚು ಅಂತಿದ್ವಿ. ಇಪ್ಪತ್ತಾರು ವರ್ಷ ದಿನಾ ಒರೆಸಿ ಇಟ್ಟಿದ್ದೆ. ಒಂದು ಕೂದಲೆಳೆ ವ್ಯತ್ಯಾಸ ಇದ್ರೂ ತೋರಿಸ್ತಿತ್ತು. ಅದನ್ನೂ ಬರ್ಕೊಂಡ್ರು. ಗುಜರಿಗೆ ಹಾಕಬೇಕಾದ್ರೆ ‘ಬಳಕೆಗೆ ಬಾರದ್ದು’ ಅಂತ ಫಿಟ್ಟರ್ ಸಹಿ ಬೇಕಿತ್ತು. ಕಾಗದ ಮುಂದಿಟ್ರು. ಎಲ್ಲರೂ ಹಾಕ್ತಿದ್ರು, ನಾನೂ ಹಾಕಿದೆ. ಒಂದು ಮಾತೂ ಆಡಲಿಲ್ಲ. ನನ್ನೆದುರಿಗೇ ಸುತ್ತಿಗೇಲಿ ಹೊಡೆದು ಲಾರಿಗೆ ಹಾಕಿದ್ರು. ಬಳಕೆಗೆ ಬಾರದ್ದಂತೆ!” ಖಾಲಿ ಲೋಟವನ್ನು ಗೋಡೆಯ ಪಕ್ಕಕ್ಕೆ ಸರಿಸಿದಳು. “ಈ ಬೇಸಿಗೇಲಿ ಪುರಸಭೆ ಗೋಡೆ ಮೇಲೆ ನೋಟೀಸು ಅಂಟಿಸಿದ್ರು. ಗಾವಲು ಬಳಕೆಯಲ್ಲಿಲ್ಲ ಅಂತ ಬರೆದಿತ್ತು. ನಾನು ಓದ್ತಾ ನಿಂತಾಗ ಹಿಂದೆ ಎಮ್ಮೆಗಳು ಮನೆಗೆ ಹೋಗ್ತಿದ್ವು.”

ಹೊರಗೆ ಜನರ ಗದ್ದಲ ಕೇಳುತ್ತಿತ್ತು. ಯಾರೋ ಅವಳ ಹೆಸರು ಕೂಗಿದರು.

“ಒಂದು ಸುಳ್ಳಿಗೆ ಸಹಿ ಹಾಕಿದೀನಿ ಸಾಹೇಬ್ರೆ. ಸಾಕು. ಕೋರ್ಟಿಗೆ ಕಳಿಸಿ. ಅಲ್ಲೂ ಇದನ್ನೇ ಹೇಳ್ತೀನಿ.”

ತೋಪಾಲೊವ್ ಟೈಪು ಮಾಡಿದ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ಹೊಸ ಹಾಳೆ ತೆಗೆದು, ‘ಹಾಳುಮಾಡಿದ’ ಇದ್ದ ಕಡೆ ‘ನಿಲ್ಲಿಸಿದ’ ಎಂದು ಬರೆದ. ಇಲ್ಚೊಗೆ ಕೇಳಿದ ಕ್ಷಮೆಯ ಮಾತನ್ನು ಅವಳು ಹೇಳಿದ ಹಾಗೆಯೇ ಬರೆದ. ರಾಯ್ನಾ ಓದಿ, ನಿಧಾನವಾಗಿ, ಪ್ರತಿ ಅಕ್ಷರವನ್ನೂ ಬಿಡಿಸಿ ಸಹಿ ಹಾಕಿದಳು. ಮಧ್ಯಾಹ್ನ 12.40. ಎರಡು ಗಂಟೆಗೆ ಅವಳನ್ನು ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯುವ ವ್ಯಾನು ಬಂತು. ಬಾಗಿಲಿಂದ ವ್ಯಾನಿನವರೆಗೆ ಜನ ಎರಡು ಸಾಲಾಗಿ ದಾರಿ ಬಿಟ್ಟು ನಿಂತಿದ್ದರು. ಅವಳು ತಲೆಬಟ್ಟೆ ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಮೆಟ್ಟಿಲಿಳಿದು ನಡೆದಳು.

ವ್ಯಾನು ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಸು ಡೈರಿ ತೆರೆದ. ಉದ್ದೇಶ ಎಂಬ ಅಂಕಣದ ಎದುರು ಬರೆದ: ಲಾಭವಿಲ್ಲ. ದ್ವೇಷವಿಲ್ಲ. 1992ರಲ್ಲಿ ಒಮ್ಮೆ ಮಾತಾಡದೆ ಸಹಿ ಹಾಕಿದ್ದು.